2018ರ ಮೂರು ಚಿತ್ರಗಳು

ಅಚ್ಚುಮೆಚ್ಚಿನ ಚಲನಚಿತ್ರಗಳು ಯಾವುವೆಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು 2018ನೆಯ ವರ್ಷ. ಆ ವರ್ಷದ ಮೂರು ಚಿತ್ರಗಳು ನನ್ನ ಮನಸ್ಸಿನಲ್ಲಿ ಒಟ್ಟಾಗಿಯೇ ಉಳಿದಿವೆ.

ಮೊದಲನೆಯದು ರಿಷಬ್ ಶೆಟ್ಟಿಯವರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು’. ಕೇರಳಕ್ಕೆ ಸೇರಿದ ಗಡಿನಾಡಿನ ಕನ್ನಡ ಶಾಲೆಗೆ ಕನ್ನಡ ಬಾರದ ಮೇಷ್ಟ್ರು ಬಂದಾಗ ಮಕ್ಕಳು ಪಡುವ ಪಾಡನ್ನು ಅದು ನಗಿಸುತ್ತಲೇ ಹೇಳುತ್ತದೆ. ನಾನೂ ನಕ್ಕೆ.

ಎರಡನೆಯದು ಮಾರಿ ಸೆಲ್ವರಾಜ್ ಅವರ ಮೊದಲ ಚಿತ್ರ, ತಮಿಳಿನ ‘ಪರಿಯೇರುಮ್ ಪೆರುಮಾಳ್’. ತಿರುನೆಲ್ವೇಲಿಯ ಕಾನೂನು ಕಾಲೇಜಿಗೆ ಹಳ್ಳಿಯಿಂದ ಬಂದ ದಲಿತ ಯುವಕ ಇಂಗ್ಲಿಷ್ ಪಾಠ ಅರ್ಥವಾಗದೆ ತರಗತಿಯಲ್ಲಿ ಅವಮಾನಕ್ಕೀಡಾಗುತ್ತಾನೆ. ಈ ಸಲ ನಗು ಬರಲಿಲ್ಲ.

ಮೂರನೆಯದು ಮೆಕ್ಸಿಕೋದ ಅಲ್ಫಾನ್ಸೊ ಕ್ವಾರೋನ್ ಅವರ ಕಪ್ಪು-ಬಿಳುಪು ಚಿತ್ರ ‘ರೋಮಾ’. ಮನೆಗೆಲಸದ ಕ್ಲಿಯೊ ಯಜಮಾನರೊಡನೆ ಸ್ಪ್ಯಾನಿಷ್‌ನಲ್ಲಿ ಮಾತನಾಡುತ್ತಾಳೆ. ಜೊತೆಯ ಕೆಲಸದವಳೊಡನೆ ಮಾತ್ರ ತನ್ನ ಮಿಕ್ಸ್‌ಟೆಕ್ ನುಡಿಯನ್ನು ಆಡುತ್ತಾಳೆ. ತಮ್ಮನ್ನು ಎತ್ತಿ ಆಡಿಸಿದ ದಾದಿಗೆ ನಿರ್ದೇಶಕರು ಈ ಚಿತ್ರವನ್ನು ಅರ್ಪಿಸಿದ್ದಾರೆ. ಅದೊಂದು ಋಣಸಂದಾಯ.

ಅಂತಹ ಋಣವೊಂದು ನನ್ನ ಮೇಲೂ ಇದೆ. ಬಹಳ ವರ್ಷಗಳ ಹಿಂದೆ, ಮನೆಯಲ್ಲಿ ಲಂಬಾಣಿ ನುಡಿಯಾಡುತ್ತಿದ್ದ ಹುಡುಗನೊಬ್ಬ ನನ್ನ ಪ್ರಶ್ನೆಗೆ ಉತ್ತರಿಸದೆ ನಿಂತನು. ಸೋಮಾರಿಯೆಂದು ಬಗೆದು ಇಡೀ ಅವಧಿ ಅವನನ್ನು ನಿಲ್ಲಿಸಿದೆ. ಅವನಿಗೆ ಉತ್ತರ ತಿಳಿಯದಿದ್ದುದಲ್ಲ, ಪ್ರಶ್ನೆಯೇ ಅರ್ಥವಾಗಿರಲಿಲ್ಲ. ಮರುದಿನ ಅವನು ಕೊನೆಯ ಬೆಂಚಿಗೆ ಸರಿದನು. ವರ್ಷ ಮುಗಿಯುವವರೆಗೂ ನಾನು ಅವನನ್ನು ಮತ್ತೇನೂ ಕೇಳಲಿಲ್ಲ. ಹಾಗೆ ಕೇಳದಿರುವುದೇ ದಯೆಯೆಂದು ಭಾವಿಸಿದ್ದೆ.

ಈ ಮೂರು ಚಿತ್ರಗಳನ್ನು ನೋಡಿದ ಮೇಲೆ ಅದು ದಯೆಯಾಗಿರಲಿಲ್ಲವೆಂದು ತಿಳಿಯಿತು. ಈ ಸಾಲುಗಳು ಅವನ ಕಣ್ಣಿಗೆ ಬಿದ್ದರೆ, ತನ್ನ ಮೇಷ್ಟ್ರನ್ನು ಅವನು ಕ್ಷಮಿಸಲಿ.