ನಿಧಾನದೋಳು ಮುಂದೆ

2006-07ರಲ್ಲಿ ಸರ್ಕಾರದೋರು ಎಂಟನೇ ಕ್ಲಾಸಿಗೆ ಸೈಕಲ್ ಕೊಡೋಕೆ ಶುರು ಮಾಡಿದ್ರಲ್ಲ, ಆಮೇಲೆ ನಮಗೂ ಬಂತು. ನಮ್ಮೂರಿಂದ ಐದು ಹುಡುಗೀರು. ತಿಪಟೂರು ರೋಡಲ್ಲಿರೋ ಹೈಸ್ಕೂಲಿಗೆ ಆರು ಕಿಲೋಮೀಟ್ರು. ನಂಗೊಬ್ಬಳಿಗೇ ಸೈಕಲ್ ಬರ್ತಿರ್ಲಿಲ್ಲ. "ಒಂದು ತಿಂಗ್ಳು ನೋಡ್ತೀನಿ, ಆಗ್ದಿದ್ರೆ ಮನೇಲಿರು" ಅಂದಿದ್ರು ಅಪ್ಪ. ತೋಟದಾಗೆ ಕಲಿಯೋಕೋಗಿ ಎಷ್ಟು ತೆಂಗಿನ ಪಾತಿಗೆ ಬಿದ್ದಿದೀನೋ ಲೆಕ್ಕ ಇಲ್ಲ. ಅಷ್ಟಿಷ್ಟು ಬಂದ ಮೇಲೆ ರೋಡಿಗಿಳಿದೆ.

ಗುಂಪಲ್ಲಿದ್ದ ಒಂಬತ್ತನೇ ಕ್ಲಾಸಿನೋಳು ಕಟ್ಟುಪಾಡು ಮಾಡಿದ್ಲು: ನಿಧಾನದೋಳು ಮುಂದೆ, ಜೋರಾಗಿ ತುಳಿಯೋಳು ಹಿಂದೆ. ಆಷಾಢದ ಎದುರುಗಾಳಿಗೆ ಮಾತ್ರ ಉಲ್ಟಾ. ಗಟ್ಟಿಗಿತ್ತಿ ಮುಂದೆ, ಅವಳ ಮರೇಲಿ ನಾನು. ಹಿಂದಿನೋಳ ಬೆಲ್ಲು ಕೇಳಿಸ್ದಿದ್ರೆ ಎಲ್ಲಾರೂ ನಿಂತ್ಕಬೇಕು. ದಿನಾ ಲೇಟು, ದಿನಾ ಐದೂ ಜನ ಒಟ್ಟಿಗೇ ಬೈಸ್ಕಂತಿದ್ವಿ. ತಿಂಗಳಾದ್ರೂ ಅಪ್ಪ ಆ ಮಾತು ಎತ್ಲಿಲ್ಲ.

ಈಗ ನಮ್ ತಮ್ಮ ಬೆಂಗಳೂರಲ್ಲಿ ಭಾನುವಾರ ಹೆಲ್ಮೆಟ್ ಹಾಕ್ಕಂಡು ಸೈಕಲ್ ಗುಂಪಿನ ಜೊತೆ ಹೋಗ್ತಾನೆ. "ಹೊಸಬ್ರಿಗೇ ಒಂದು ಗುಂಪು, ಸ್ಪೀಡಿನೋರಿಗೇ ಒಂದು ಗುಂಪು ಅಕ್ಕ. ಮುಂದಿನೋನ ಹಿಂದೇನೇ ಇದ್ರೆ ಗಾಳಿ ಅಷ್ಟು ಹೊಡೆಯಲ್ಲ" ಅಂತ ನಂಗೇ ಹೇಳ್ಕೊಡ್ತಾನೆ.

"ಅವತ್ತು ನನ್ನ ಬೇರೆ ಗುಂಪು ಮಾಡಿದ್ದಿದ್ರೆ ನಾನು ಎಸ್ಸೆಸ್ಸೆಲ್ಸಿ ನೋಡ್ತಿರ್ಲಿಲ್ಲ ಕಣೋ" ಅಂದೆ.