ಕಂದಿದ ಮುಖಕ್ಕೇ ಕಾಸು!

ಮುಖದ ಮೇಲೆ ಒಂದು ಗೆರೆ ಮೂಡಿದರೆ ಸಾಕು, ನಮ್ಮ ತಾರೆಯರಿಗೆ ನಿದ್ದೆ ಬರೋದಿಲ್ಲ. ಆದರೆ ಮುಖ ಕಂದಿದಷ್ಟೂ ರೇಟು ಏರುವ ತಾರೆಯೊಂದಿದೆ, ಗೊತ್ತೇ? ಹಳೆಯ ಕೈಗಡಿಯಾರ!

ಮಾರ್ಲನ್ ಬ್ರ್ಯಾಂಡೊ 'ಅಪೊಕ್ಯಾಲಿಪ್ಸ್ ನೌ' (1979) ಚಿತ್ರದಲ್ಲಿ ಕಟ್ಟಿದ್ದ, ಸುತ್ತಿನ ಬಳೆಯೂ ಇಲ್ಲದ ರೋಲೆಕ್ಸ್ 2019ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 19 ಲಕ್ಷ ಡಾಲರ್ ದಾಟಿತು. ಸವೆದದ್ದಕ್ಕೆ ಇಷ್ಟು ಬೆಲೆಯೇ? ಈ ಹುಚ್ಚು ನಮ್ಮ ಕಡೆ ಹೇಗಿದೆ ನೋಡೋಣ ಅಂತ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಮುಂಬೈಗೆ ಹೊರಟೇಬಿಟ್ಟೆ.

ಹಳಬರು ಈಗಲೂ ವಿ.ಟಿ. ಅನ್ನುವ ನಿಲ್ದಾಣದಲ್ಲಿಳಿದು ಮಹಮ್ಮದ್ ಅಲಿ ರಸ್ತೆ ಹಿಡಿದರೆ ಭೇಂಡಿ ಬಜಾರ್. ಅದರ ಮಗ್ಗುಲಲ್ಲೇ ಚೋರ್ ಬಜಾರ್. ಗದ್ದಲದ 'ಶೋರ್' ಬಜಾರೇ ಬಾಯಿಂದ ಬಾಯಿಗೆ 'ಚೋರ್' ಆಯಿತಂತೆ! ಅಲ್ಲಿನ ಮಟನ್ ಸ್ಟ್ರೀಟಿನಲ್ಲಿ ಹಳೇ ಗ್ರಾಮಫೋನು, ತೂಗುದೀಪ, ಹಿಂದಿ ಸಿನಿಮಾ ಪೋಸ್ಟರುಗಳ ಜಾತ್ರೆ. ನಡುನಡುವೆ ಗಾಜಿನ ಪೆಟ್ಟಿಗೆಗಳಲ್ಲಿ ಗಡಿಯಾರಗಳು. ಒಮೇಗಾ, ಫಾವರ್ ಲ್ಯೂಬಾ, ವೆಸ್ಟ್ ಎಂಡ್... ನಮ್ಮ ಬೆಂಗಳೂರಿನ ಎಚ್.ಎಂ.ಟಿ.ಯೂ ಉಂಟು. ಎಲ್ಲವೂ ಮದುಮಗನ ಹಾಗೆ ಫಳಫಳ!

ಆ ಹೊಳಪೇ ಮೋಸ, ಓದುಗರೇ. ಹಳೇ ಬಣ್ಣ ಕೆರೆದು, ಹೊಸದು ಬಳಿದು, ಅಕ್ಷರ ಅಚ್ಚೊತ್ತಿ ಕೂರಿಸಿದ ಮಾಲು. ವಿದೇಶಿ ಸಂಗ್ರಾಹಕರು ಇಂಥವನ್ನು 'ಮುಂಬೈ ಸ್ಪೆಷಲ್' ಅಂತ ಗೇಲಿ ಮಾಡುತ್ತಾರೆ.

ಅವರಿಗೆ ಬೇಕಾದ್ದೇ ಬೇರೆ. 1950-60ರ ದಶಕದ ಕೆಲವು ಕಪ್ಪು ಡಯಲುಗಳ ಬಣ್ಣ ಬಿಸಿಲಿಗೆ ನಿಲ್ಲಲಿಲ್ಲ. ವರ್ಷಗಟ್ಟಲೆ ಬೆಂದು ಕಾಫಿ ಬಣ್ಣಕ್ಕೆ ತಿರುಗಿದವು. ಆಗ ಅದು ದೋಷ. ಈಗ 'ಟ್ರಾಪಿಕಲ್ ಡಯಲ್' ಅಂತ ಹೆಸರು! ಬಣ್ಣ ಸಮನಾಗಿ ಮಾಗಿರಬೇಕು ಅಷ್ಟೆ. ನೀರು ಹೊಕ್ಕು ಚುಕ್ಕೆ ಬಿದ್ದದ್ದು, ಸಿಪ್ಪೆ ಎದ್ದದ್ದು ಈ ಲೆಕ್ಕಕ್ಕೆ ಬರೋದಿಲ್ಲ.

ಒಂದು ಗೂಡಂಗಡಿಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ವೃದ್ಧ ಕಾರಿಗರೊಬ್ಬರು ಕೂತಿದ್ದರು. ಮುಂದೆ ಹುಬ್ಬಳ್ಳಿಯ ಒಬ್ಬ ಹುಡುಗ. ಕೈಯಲ್ಲಿ ಒಮೇಗಾ ಸೀಮಾಸ್ಟರ್. ನಾನು ಕನ್ನಡದವನೆಂದು ತಿಳಿದದ್ದೇ ತಡ, ಮಾತು ಹರಿಯಿತು.

"ಅಪ್ಪಾರ ವಾಚ್ ರೀ. ಮಸ್ಕತ್ತಿನ್ಯಾಗ ಟ್ರಕ್ ಹೊಡೀತಿದ್ರು. ಈಗ ಅವರಿಲ್ಲ. ಮುಂದಿನ ತಿಂಗಳ ನನ್ನ ಲಗ್ನ, ಕಟ್ಕೋಬೇಕಂತ ಆಸೆ. ಮಾರಿ ಕೆಂಪಾಗೇದ ನೋಡ್ರಿ, ಕರ್ರಗ ಮಾಡಸ್ತೀನಿ."

ಕಾರಿಗರು ಹಿಂದಿಯಲ್ಲಿ ಕೇಳಿದ್ದು ಒಂದೇ ಮಾತು: "ಅಲ್ಲಿ ಡ್ರೈವರ್ ಯಾವ ಕಡೆ ಕೂರ್ತಾನೆ, ಬೇಟಾ?"

ಎಡಗಡೆ! ಅಲ್ಲಿನ ಗಾಡಿಗಳ ಸ್ಟಿಯರಿಂಗ್ ಎಡಕ್ಕೆ. ಗಡಿಯಾರ ಕಟ್ಟಿದ ಎಡಗೈ ಸದಾ ಕಿಟಕಿಯ ಮೇಲೆ, ಮರುಭೂಮಿಯ ಬಿಸಿಲಿಗೆ.

"ಬಣ್ಣ ನಾನು ಹಚ್ಚಿಕೊಡ್ತೀನಿ. ಆದರೆ ಆ ಬಿಸಿಲನ್ನ ಮತ್ತೆ ತಂದುಕೊಡೋಕೆ ನನ್ನಿಂದಾಗಲ್ಲ" ಅಂದರು ಮುದುಕರು.

ಹುಡುಗ ಗಡಿಯಾರ ತಿರುಗಿಸಿ ನೋಡಿದ. "ಹಂಗಾರ ಇದು ಅಪ್ಪಾರ ಬಿಸಲು ಅಲ್ರೀ?" ಅಂದ. ಮತ್ತೆ ಮಾತಿಲ್ಲ. ಒಳಗೆ ಎಣ್ಣೆ, ಮೇಲೊಂದು ಹೊಸ ಗಾಜು, ಅಷ್ಟೇ ಮಾಡಿಸಿಕೊಂಡು ಹೊರಟ. ಬರುವ ಸಂಪಾದನೆಯನ್ನೇ ಬಿಟ್ಟ ಕಾರಿಗರು ನಗುತ್ತಾ ಬೀಡಿ ಹಚ್ಚಿದರು!

ಮಾಗಿದ್ದಕ್ಕೆ ಬೆಲೆ ಬಂದ ಮೇಲೆ ಕಳ್ಳರೂ ಬರಬೇಕಲ್ಲ! 2021ರಲ್ಲಿ ಜಿನೀವಾದ ಹರಾಜಿನಲ್ಲಿ ಕಂದು ಡಯಲಿನ 1957ರ ಒಮೇಗಾ ಸ್ಪೀಡ್‌ಮಾಸ್ಟರ್ 31 ಲಕ್ಷ ಸ್ವಿಸ್ ಫ್ರಾಂಕ್ ದಾಟಿತು. ಕೊಂಡದ್ದು ಒಮೇಗಾದ್ದೇ ಮ್ಯೂಸಿಯಂ. 2023ರಲ್ಲಿ ಬಯಲಾಯಿತು ಗುಟ್ಟು: ಅದು ಬೇರೆ ಬೇರೆ ಬಿಡಿಭಾಗ ಸೇರಿಸಿ ಕಟ್ಟಿದ ಗಡಿಯಾರ! ತನ್ನ ಮೂವರು ಮಾಜಿ ನೌಕರರೇ ಇದರಲ್ಲಿದ್ದರು ಅಂತ ಕಂಪೆನಿಯೇ ಹೇಳಿತು. ಯಾವ ಸಿನಿಮಾ ಕಥೆಗೆ ಕಮ್ಮಿ, ಹೇಳಿ?

ನಿಮ್ಮ ಮನೆಯ ಬೀರುವಿನಲ್ಲೂ ಹಳೆಯದೊಂದು ಇರಬಹುದು. ಅಂಕಿಗಳ ಮೇಲಿನ ಮಿಣುಕುಬಣ್ಣವೂ ಮುಳ್ಳುಗಳ ಬಣ್ಣವೂ ಒಂದೇ ಹದದಲ್ಲಿ ಹಳದಿಯಾಗಿವೆಯೇ ನೋಡಿ. ಮುಳ್ಳು ಬೆಳ್ಳಗಿದ್ದು ಅಂಕಿ ಹಳದಿಯಾಗಿದ್ದರೆ ಏನೋ ಬದಲಾಗಿದೆ ಅಂತ ಅರ್ಥ. ಅಕ್ಷರ ದಪ್ಪಗೆ, ಸೊಟ್ಟಗಿದ್ದರೆ ಮರುಬಣ್ಣದ ಗುಮಾನಿ. ಆ ಮಿಣುಕುಬಣ್ಣವನ್ನು ಮಾತ್ರ ಕೆರೆಯಬೇಡಿ! 1960ರ ದಶಕದ ಆರಂಭದವರೆಗೂ ಅದರಲ್ಲಿ ರೇಡಿಯಂ ಇರುತ್ತಿತ್ತು. ಧೂಳು ಒಳಹೊಕ್ಕರೆ ಅಪಾಯ.

ಎಲ್ಲ ಕಂದಿದ ಗಡಿಯಾರಕ್ಕೂ ಕೋಟಿ ಸಿಗೋದಿಲ್ಲ, ನಿಜ. ಆದರೂ ಅಪ್ಪ-ಅಜ್ಜಂದಿರ ಗಡಿಯಾರಕ್ಕೆ ಮೇಕಪ್ ಮಾಡಿಸುವ ಮುನ್ನ ಒಂದು ಗಳಿಗೆ ಯೋಚಿಸಿ. ಅವರು ಕಂಡ ಬಿಸಿಲನ್ನೆಲ್ಲ ಅದೂ ಕಂಡಿದೆ!