ಗಿಟಾರಿಗೆ ಹೊಸ ಕಿವಿ

ಕೊಳ್ಳುವವರ ಕಣ್ಣು ಮೊದಲು ಹೋಗುವುದು ಅಂಕಿಯ ಮೇಲೆ. ಪಂಪಿಗೆ ಎಷ್ಟು ಅಶ್ವಶಕ್ತಿ, ಪಾತ್ರೆ ಎಷ್ಟು ತೂಕ, ವರನಿಗೆ ಎಷ್ಟು ಸಂಬಳ; ಅಂಕಿ ದೊಡ್ಡದಾದಷ್ಟೂ ಮನಸ್ಸಿಗೆ ನೆಮ್ಮದಿ. ಲೆಕ್ಕಪತ್ರಗಳ ನಡುವೆ ತಲೆ ನರೆಸಿಕೊಂಡ ಬೆಂಗಳೂರಿನ ಗೃಹಸ್ಥರೊಬ್ಬರು, ಮಗಳ ಎಲೆಕ್ಟ್ರಿಕ್ ಗಿಟಾರಿಗೆ ಹೊಸ ಪಿಕಪ್‌ಗಳನ್ನು ಆರಿಸಲು ಕುಳಿತಾಗಲೂ ಈ ಸೂತ್ರವನ್ನೇ ಹಿಡಿದರು.

ಹುಡುಗಿಯ ಬೆರಳುಗಳು ಗಿಡ್ಡ. ಆದುದರಿಂದಲೇ ಆಕೆ ಮೆಚ್ಚಿಕೊಂಡದ್ದು 24 ಅಂಗುಲದ ಗಿಟಾರು. ಅಂದರೆ, ತಂತಿಯ ನುಡಿಯುವ ಭಾಗದ ಉದ್ದ ಅಷ್ಟು. ಫೆಂಡರ್ ಸ್ಟ್ರಾಟೊಕ್ಯಾಸ್ಟರಿನಲ್ಲಾದರೆ ಅದು 25.5 ಅಂಗುಲ. ಒಂದೂವರೆ ಅಂಗುಲ ಕಡಮೆಯಾದರೆ ಮೆಟ್ಟಿಲುಗಳು ಹತ್ತಿರವಾಗುತ್ತವೆ, ಕೈ ನಿರಾಯಾಸವಾಗಿ ಹರಿಯುತ್ತದೆ. ಗೆಳತಿಯರು ಮಾತ್ರ ಅದಕ್ಕೆ ‘ಆಟದ ಗಿಟಾರು’ ಎಂದು ಹೆಸರಿಟ್ಟಿದ್ದರು. ಧ್ವನಿ ಏರಿಸಿದರೆ ಪಿಕಪ್ ಕಿರುಚುತ್ತಿತ್ತು; ಆರು ತಂತಿಗಳನ್ನು ಒಟ್ಟಿಗೆ ಮೀಟಿದರೆ ಸ್ವರಗಳೆಲ್ಲ ಕಲಸುಮೇಲೋಗರ. ಕಾಲೇಜಿನ ಉತ್ಸವಕ್ಕೆ ಒಂದೇ ತಿಂಗಳು. ನಕ್ಕವರ ಬಾಯಿ ಮುಚ್ಚಿಸಬೇಕೆಂಬ ಹಟ ಮಗಳಿಗಿಂತ ತಂದೆಗೇ ಹೆಚ್ಚು.

ಪಿಕಪ್ ಎಂಬುದು ಗಿಟಾರಿನ ಕಿವಿ. ಅಯಸ್ಕಾಂತದ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲೆ ಉಕ್ಕಿನ ತಂತಿ ಕಂಪಿಸಿದರೆ ಸುರುಳಿಯಲ್ಲಿ ಅಲ್ಪ ವಿದ್ಯುತ್ತು ಹುಟ್ಟುತ್ತದೆ. ಆದರೆ ಒಂಟಿ ಸುರುಳಿ ತಂತಿಯ ನುಡಿಯೊಡನೆ ಮನೆಯ ವಿದ್ಯುತ್ತಿನ ಗುಂಯ್‌ಗಾನವನ್ನೂ ಕೇಳಿಸಿಕೊಳ್ಳುತ್ತದೆ. ಗಿಬ್ಸನ್ ಕಂಪನಿಯ ಸೆತ್ ಲವರ್ ಇದಕ್ಕೆ ಮದ್ದು ಕಂಡುಹಿಡಿದು 1955ರಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದರು. 1959ರಲ್ಲಿ ಅದು ದೊರೆಯಿತು. ಎರಡು ಸುರುಳಿಗಳು ಅಕ್ಕಪಕ್ಕ; ಒಂದರ ಸುತ್ತೂ ಅಯಸ್ಕಾಂತದ ಧ್ರುವವೂ ಇನ್ನೊಂದಕ್ಕೆ ವಿರುದ್ಧ. ತಂತಿಯ ನುಡಿ ಎರಡರಲ್ಲೂ ಕೂಡಿಕೊಳ್ಳುತ್ತದೆ. ಹೊರಗಿನ ಗದ್ದಲ ಮಾತ್ರ, ಒಂದೇ ಚಾಡಿಯನ್ನು ಇಬ್ಬರು ತಿರುವುಮುರುವಾಗಿ ಹೇಳಿದಂತಾಗಿ, ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಇದೇ ಹಂಬಕರ್.

“ಇದು 8 ಸಾವಿರ ಓಮ್, ಅದು 16 ಸಾವಿರ. ಬೆಲೆ ಒಂದೇ. ಇದರಲ್ಲಿ ಯೋಚಿಸುವುದೇನಿದೆ?” ಎಂದರು ತಂದೆ.

“ಅಪ್ಪಾ, ಓಮ್ ಅಂದರೆ ಶಕ್ತಿಯ ಲೆಕ್ಕ ಅಲ್ಲ. ತಾಮ್ರದ ಎಳೆ ತೆಳುವಾದರೂ ಆ ಅಂಕಿ ಏರುತ್ತೆ. ಸುತ್ತು ಹೆಚ್ಚಾದರೆ ಸದ್ದು ಹೆಚ್ಚುತ್ತೆ ನಿಜ. ಆದರೆ ಮೇಲಿನ ಹೊಳಪು ಮಂಕಾಗುತ್ತೆ.”

ಮಗಳ ಮಾತಿನಲ್ಲಿ ಹುರುಳಿತ್ತು. ಅದೇ ತಂತಿಯನ್ನು ಅದೇ ಶ್ರುತಿಗೆ ಏರಿಸಿದರೂ, 25.5 ಅಂಗುಲಕ್ಕಿಂತ 24 ಅಂಗುಲದಲ್ಲಿ ಬಿಗಿ ನೂರಕ್ಕೆ ಸುಮಾರು 11ರಷ್ಟು ಕಡಮೆ. ಸಡಿಲ ತಂತಿಯ ನುಡಿ ಮೊದಲೇ ದುಂಡು, ಮೃದು. ಅದಕ್ಕೆ ಮಂಕು ಕಿವಿಯೂ ಸೇರಿದರೆ ಉಳಿಯುವುದು ಗದ್ದಲ ಮಾತ್ರ. ಬಲವಾದ ಅಯಸ್ಕಾಂತ ತೀರ ಹತ್ತಿರವಾದರಂತೂ ತಂತಿಯನ್ನೇ ಸೆಳೆದು ಶ್ರುತಿ ಕದಡುತ್ತದೆ.

ತಂದೆ ಸುಲಭವಾಗಿ ಸೋಲುವವರಲ್ಲ. ಒಳಗಿನಿಂದ ವೀಣೆಯ ಕೈಯ ಅಜ್ಜಿ ಕೂಗಿದರು: “ಮೆತ್ತಗೆ ಮಾತಾಡೋ ಹುಡುಗಿಯ ಬಾಯಿಗೆ ತುತ್ತೂರಿ ಹಿಡಿಸ್ತೀಯಲ್ಲೋ! ಅವಳ ಮಾತು ಕೇಳಿಸಲಿ ಬಿಡು.”

ಕೊನೆಗೆ ಕುತ್ತಿಗೆಯ ಬಳಿಗೆ 7.5, ಕುದುರೆಯ ಬಳಿಗೆ 8.3 ಸಾವಿರ ಓಮಿನ ಜೋಡಿ ಬಂದಿತು. ಕುದುರೆಯ ಬಳಿ ತಂತಿಯ ಓಲಾಟ ಕಿರಿದು. ಅಲ್ಲಿಗೆ ತುಸು ಹೆಚ್ಚು ಸುತ್ತು ಬೇಕು. ಸುರುಳಿಗಳನ್ನು ಮೇಣದಲ್ಲಿ ಅದ್ದಿದ್ದರಿಂದ ಅವು ಅಲುಗಿ ಕಿರುಚುವ ಭಯವೂ ತಗ್ಗಿತು.

ಬೆಸುಗೆಯಾದ ಸಂಜೆ ಮಗಳು ಮೀಟಿದಳು. ಮಂದ್ರದ ತಂತಿಗಳು ಇನ್ನೂ ಗುಡುಗುತ್ತಿದ್ದವು. ತಂದೆಯ ಮುಖ ಬಾಡಿತು: ಹಣ ನೀರುಪಾಲಾಯಿತೇ? ಆಕೆ ನಕ್ಕು ಅವರ ಕೈಗೆ ಸ್ಕ್ರೂಡ್ರೈವರ್ ಕೊಟ್ಟಳು. ಪಿಕಪ್ಪಿನ ಅಂಚಿನ ಸ್ಕ್ರೂ ತಿರುಗಿಸಿದರೆ ಅದು ತಂತಿಯಿಂದ ಕೆಳಗಿಳಿಯುತ್ತದೆ. ಅರ್ಧ ಸುತ್ತು ತಿರುಗಿತು, ಗುಡುಗು ತಗ್ಗಿತು. ಇನ್ನರ್ಧ ಸುತ್ತು, ಆರು ತಂತಿಗಳೂ ಒಂದೊಂದಾಗಿ ಬಿಡಿಸಿದಂತೆ ಕೇಳಿಸಿದವು. ಮಗಳ ಕಿರುಬೆರಳಿನ ಅಳುಕು ಕೂಡ ಕೇಳಿಸಿತು.

ತಿಂಗಳಿಡೀ ಅಂಕಿಗಳನ್ನು ಓದಿದ್ದ ಆ ಮನುಷ್ಯ ಕಣ್ಣು ಮುಚ್ಚಿಕೊಂಡು ಕೇಳುತ್ತ ಕುಳಿತರು. ಬಹಳ ಹೊತ್ತಿನ ಮೇಲೆ ಮೆಲ್ಲಗೆ ಕೇಳಿದರು:

“ಇನ್ನೊಂದು ಕಾಲು ಸುತ್ತು ಇಳಿಸಲೇ, ಮಗು?”